ಏಳು ತೊಗರಿ

ಮೇ ತಿಂಗಳಲ್ಲಿ ಕಲಬುರಗಿಯ ದವಸದ ಮಾರುಕಟ್ಟೆ ನೆಹರು ಗಂಜಿಗೆ ಹೋದರೆ ಅದು ಗಂಜ್ ಎಂದು ಯಾರೂ ನಂಬುವುದಿಲ್ಲ. ಹೊಸ ತೊಗರಿ ಬರುವ ಚಳಿಗಾಲದಲ್ಲಿ ಚೀಲಗಳ ನಡುವೆ ಕಾಲಿಡಲು ಜಾಗವಿರುವುದಿಲ್ಲ. ಬೇಸಿಗೆಯಲ್ಲಿ ಹಮಾಲರು ನೆರಳು ಹುಡುಕಿಕೊಂಡು ಮಲಗಿರುತ್ತಾರೆ. ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬಿಸಿಲಿಗೆ ಹೆದರಿ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ರೈತರ ಮಾಲು ಮಾರಿಸಿಕೊಡುವ ಕಾಕಾನವರ ಅಡತಿ ಅಂಗಡಿಯೂ ಅಷ್ಟೇ. ಊಟಕ್ಕೆ ಹೋದವರು ಸಂಜೆಯವರೆಗೆ ತಿರುಗಿ ಬರುತ್ತಿರಲಿಲ್ಲ. ರೈತರಿಗೆ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಬರೆದುಕೊಡಲೆಂದು ತಂದ ಕಂಪ್ಯೂಟರ್ ಒಳಕೋಣೆಯಲ್ಲಿ ಸುಮ್ಮನೆ ಕುಳಿತಿತ್ತು. ಪಟ್ಟಿಯನ್ನು ಅಂಗಡಿಯ ಲೆಕ್ಕ ನೋಡುವ ಮುನೀಮರು ಕೈಯಲ್ಲೇ ಬರೆಯುತ್ತಿದ್ದರು.

2009ರ ಆ ಬೇಸಿಗೆಯಲ್ಲಿ ನಾನು ಡಿಗ್ರಿ ಎರಡನೆಯ ವರ್ಷ ಮುಗಿಸಿದ್ದೆ. ತೂಕ, ದರ, ಹಮಾಲಿ ಹಾಕಿದರೆ ಪಟ್ಟಿ ತಾನೇ ಲೆಕ್ಕವಾಗಿ ಬರುವ ಒಂದು ಪ್ರೋಗ್ರಾಂ ಮಾಡಿಕೊಡುತ್ತೇನೆ ಎಂದು ಕಾಕಾಗೆ ಮಾತು ಕೊಟ್ಟಿದ್ದೆ. ಬಂಡವಾಳವೆಂದರೆ ಸೂಪರ್ ಮಾರ್ಕೆಟ್ ಹತ್ತಿರದ ಫುಟ್‌ಪಾತಿನಲ್ಲಿ ಕೊಂಡ ಒಂದು ಹಳೆಯ ಇಂಗ್ಲಿಷ್ ಪುಸ್ತಕ: ಸಿ ಭಾಷೆಯಲ್ಲಿ ವಿಂಡೋಸ್ ಪ್ರೋಗ್ರಾಂ ಬರೆಯುವುದನ್ನು ಹೊಸಬರಿಗೆ ಕಲಿಸುವಂಥದ್ದು. ಹಿಂಬದಿಯ ಲಕೋಟೆಯಲ್ಲಿ ಸಿಡಿ ಇರಲಿಲ್ಲ. ಹಿಂದಿನ ಯಜಮಾನ ಪೆನ್ಸಿಲಿನಲ್ಲಿ ಅಡಿಗೆರೆ ಎಳೆಯುತ್ತ ಬಂದು ಎರಡನೆಯ ಅಧ್ಯಾಯದ ನಡುವೆ ನಿಲ್ಲಿಸಿದ್ದ. ಅಲ್ಲಿಂದ ಮುಂದೆ ಪುಟಗಳು ಕೋರಾ ಕಾಗದದಷ್ಟು ಶುಭ್ರ.

ಆತ ಏಕೆ ನಿಂತನೆಂಬುದು ಆ ಪುಟಕ್ಕೆ ಬಂದಾಗ ತಿಳಿಯಿತು. ಕಾಲೇಜಿನಲ್ಲಿ ಕಲಿತ ಸಿ ಪ್ರೋಗ್ರಾಂ ಮೇಲಿನಿಂದ ಕೆಳಕ್ಕೆ ಓಡಿ ಮುಗಿಯುತ್ತದೆ. ಇಲ್ಲಿ ಒಂದು ಖಾಲಿ ಕಿಟಕಿ ತೋರಿಸಲು 70 ಸಾಲು. ಮೊದಲು ಕಿಟಕಿಯ ಜಾತಿಯನ್ನು ನೋಂದಾಯಿಸಬೇಕು, ಆಮೇಲೆ ಕಿಟಕಿ ಹುಟ್ಟಿಸಬೇಕು, ಅದಾದ ಮೇಲೆ ಒಂದು ಸುತ್ತಿನಲ್ಲಿ ಕುಳಿತು ಸಂದೇಶಕ್ಕಾಗಿ ಕಾಯಬೇಕು. ಮೌಸ್ ಒತ್ತಿದರೆ ಒಂದು ಸಂದೇಶ, ಕೀಲಿ ಒತ್ತಿದರೆ ಇನ್ನೊಂದು. 'ಗೆಟ್‌ಮೆಸೇಜ್' ಅದನ್ನು ಎತ್ತಿಕೊಳ್ಳುತ್ತದೆ, 'ಡಿಸ್‌ಪ್ಯಾಚ್‌ಮೆಸೇಜ್' ಸಂಬಂಧಪಟ್ಟ ಕಿಟಕಿಗೆ ಮುಟ್ಟಿಸುತ್ತದೆ. ಪುಸ್ತಕ ಇದಕ್ಕೆ ಅಂಚೆ ಕಚೇರಿಯ ಹೋಲಿಕೆ ಕೊಟ್ಟಿತ್ತು. ನನಗೆ ಕಂಡದ್ದು ನಮ್ಮ ಮುನೀಮರು. ಗಾದಿಯ ಮೇಲೆ ಕುಳಿತಿರುತ್ತಾರೆ. ರೈತ ಬಂದರೆ ತೂಕಕ್ಕೆ ಕಳಿಸುತ್ತಾರೆ, ಖರೀದಿದಾರ ಬಂದರೆ ಮಾದರಿ ತೋರಿಸುತ್ತಾರೆ, ಯಾರೂ ಬರದಿದ್ದರೆ ಸುಮ್ಮನೆ ಕುಳಿತಿರುತ್ತಾರೆ.

ಇಂಥ ಪ್ರೋಗ್ರಾಂ ಬರೆದು ಓಡಿಸುವ ತಂತ್ರಾಂಶ ವಿಷುಯಲ್ ಸಿ++ 2008ರ ಎಕ್ಸ್‌ಪ್ರೆಸ್ ಆವೃತ್ತಿ ಪುಕ್ಕಟೆ ಸಿಗುತ್ತಿತ್ತು. ಗೆಳೆಯನೊಬ್ಬ ಸಿಡಿಗೆ ಹಾಕಿ ಕೊಟ್ಟಿದ್ದ. ಒಂದು ದಿನ ಬೆಳಗ್ಗೆಯೇ ಕುಳಿತು 70 ಸಾಲನ್ನು ಅಕ್ಷರ ಅಕ್ಷರ ನೋಡಿ ಟೈಪು ಮಾಡತೊಡಗಿದೆ. ಕೊನೆಯ ಹತ್ತು ಸಾಲು ಇರುವಾಗ ಕರೆಂಟು ಹೋಯಿತು. ಆಗಾಗ ಉಳಿಸಿಕೊಳ್ಳುವ ಬುದ್ಧಿ ಇದ್ದುದರಿಂದ ಹೆಚ್ಚೇನೂ ಹಾಳಾಗಲಿಲ್ಲ. ಕರೆಂಟು ಬಂದ ಮೇಲೆ ಬೆರಳಿಟ್ಟಿದ್ದ ಸಾಲಿನಿಂದ ಮುಂದುವರಿಸಿ, ಪ್ರೋಗ್ರಾಂ ಓಡಿಸಲು ಕಂಟ್ರೋಲ್ ಒತ್ತಿ ಎಫ್5 ಒತ್ತಿದೆ. ಬೂದು ಅಂಚಿನ ಬಿಳಿ ಕಿಟಕಿಯೊಂದು ತೆರೆದುಕೊಂಡಿತು. ತಲೆಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ 'ನನ್ನ ಮೊದಲ ಕಿಟಕಿ' ಎಂದಿತ್ತು. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಮೂಲೆಯ ಗುಣಿಸು ಗುರುತು ಒತ್ತಿದರೆ ಮಾಯ. ಹತ್ತು ನಿಮಿಷ ಅದನ್ನೇ ಹಿಗ್ಗಿಸಿ ಕುಗ್ಗಿಸಿ ನೋಡಿದೆ.

ಇನ್ನು ಹೆಸರು ಕನ್ನಡದಲ್ಲಿರಲಿ ಎನ್ನಿಸಿತು. 'ತೊಗರಿ ಲೆಕ್ಕ' ಎಂದು ಬರೆದು ಮತ್ತೆ ಓಡಿಸಿದೆ. ಯಾವುದೋ ಪೆಟ್ಟಿಗೆ ಎದ್ದು ಏನೋ ಕೇಳಿತು, 'ಎಸ್' ಒತ್ತಿದೆ. ಬಂದ ಕಿಟಕಿಯ ಮೇಲೆ ಅದೇ ಇಂಗ್ಲಿಷ್ ಹೆಸರು.

ಇಲ್ಲಿ ನನ್ನ ತಲೆ ಎತ್ತ ಓಡಿತೆಂಬುದನ್ನು ಹೇಳಲೇಬೇಕು. ಕಂಪ್ಯೂಟರ್ ಕನ್ನಡವನ್ನು ಒಪ್ಪುತ್ತಿಲ್ಲ ಎಂದುಕೊಂಡೆ, ಆ ಕ್ಷಣವೇ, ಸಾಕ್ಷಿ ಪುರಾವೆ ಇಲ್ಲದೆ. ಡಿಟಿಪಿ ಅಂಗಡಿಯಿಂದ ತಂದ ಕನ್ನಡ ಬೇರೆ ಕಂಪ್ಯೂಟರಿನಲ್ಲಿ ಕಸವಾಗಿ ಕಾಣುವುದನ್ನು ನೋಡಿ ನೋಡಿ ಬೆಳೆದವರು ನಾವು. ಊರಿನ ಹೆಸರೇ ಆಗಿನ್ನೂ ಸರ್ಕಾರಿ ಕಾಗದದಲ್ಲಿ ಗುಲಬರ್ಗಾ. ಅದು ಕಲಬುರಗಿಯಾದದ್ದು 2014ರಲ್ಲಿ. ನಮ್ಮ ಹೆಸರು ನಮ್ಮ ನಾಲಿಗೆಯ ಮೇಲಿದ್ದಂತೆ ಬೋರ್ಡಿನ ಮೇಲೆ ಬರುವುದಿಲ್ಲ ಎಂಬುದಕ್ಕೆ ಒಗ್ಗಿಹೋಗಿದ್ದೆವು. ವಿಂಡೋಸ್ ಎಕ್ಸ್‌ಪಿಯ ಭಾಷಾ ವಿಭಾಗದಲ್ಲಿ ಗುರುತು ಹಾಕಿ ಭಾರತೀಯ ಲಿಪಿಗಳ ಸೌಲಭ್ಯ ಕೂಡಿಸಿದ್ದೆ, ತುಂಗಾ ಅಕ್ಷರಶೈಲಿಯೂ ಇತ್ತು, ಫೈಲನ್ನು ಯೂನಿಕೋಡಿನಲ್ಲೇ ಉಳಿಸಿದ್ದೆ. ಆದರೂ ಇಂಗ್ಲಿಷ್. ಅಕ್ಷರಗಳ ಬದಲು ಚೌಕ ಬಂದಿದ್ದರೆ, ಪ್ರಶ್ನಾರ್ಥಕ ಚಿಹ್ನೆ ಬಂದಿದ್ದರೆ ಕನ್ನಡದ ತೊಂದರೆ ಎನ್ನಬಹುದಿತ್ತು; ಅಳಿಸಿಹಾಕಿದ ಇಂಗ್ಲಿಷ್ ಹೆಸರು ಎಲ್ಲಿಂದ ಎದ್ದು ಬರುತ್ತಿದೆ ಎಂದು ಕೇಳಿಕೊಳ್ಳಲೇ ಇಲ್ಲ.

ಮೂರು ಗಂಟೆಯ ಸುಮಾರಿಗೆ ಮತ್ತೆ ಕರೆಂಟು ಹೋಯಿತು. ಕೂಲರ್ ನಿಂತ ಕೋಣೆ ರೊಟ್ಟಿ ಬೇಯಿಸುವ ಹಂಚಿನಂತಾಯಿತು. ಅರ್ಧ ಗಂಟೆಯ ಮೇಲೆ ಬಂದಾಗ, ಏನನ್ನೂ ಬದಲಿಸದೆ, ಓಡಿಸಿದೆ. 'ತೊಗರಿ ಲೆಕ್ಕ'! ಒತ್ತಕ್ಷರ ಸಮೇತ, ನೀಲಿ ಪಟ್ಟಿಯ ಮೇಲೆ ಬಿಳಿಯಾಗಿ.

ಇದರಿಂದ ನಾನು ಕಟ್ಟಿದ ಸಿದ್ಧಾಂತ: ಕನ್ನಡ ಬರಬೇಕಾದರೆ ಕಂಪ್ಯೂಟರನ್ನು ಆರಿಸಿ ಹೊತ್ತಿಸಬೇಕು. 'ತೊಗರಿ ಲೆಕ್ಕ'ವನ್ನು 'ತೊಗರಿ ಪಟ್ಟಿ' ಮಾಡಿದೆ, ಬರಲಿಲ್ಲ. ಆರಿಸಿ ಹೊತ್ತಿಸಿದೆ, ಬಂತು. ಸಿದ್ಧಾಂತ ಗಟ್ಟಿಯಾಯಿತು. ಮತ್ತೆ 'ಲೆಕ್ಕ' ಮಾಡಿದೆ, ಆರಿಸಿದೆ. ಒಂದೊಂದು ಸಲಕ್ಕೂ ನಾಲ್ಕು ನಿಮಿಷ. ಹರಕೆ ಹೊತ್ತವನು ಗುಡಿ ಸುತ್ತುವಂತೆ ಆ ಸಂಜೆ ಅದೆಷ್ಟು ಸುತ್ತು ಹಾಕಿದೆನೋ! ಕೊನೆಗೆ ಹಠ ಹತ್ತಿ, ಕಿಟಕಿಯ ಬಣ್ಣ ಬದಲಿಸಿ, ಆರಿಸದೆಯೇ ಮತ್ತೆ ಮತ್ತೆ ಓಡಿಸಿದೆ. ಬಣ್ಣವೂ ಬದಲಾಗಲಿಲ್ಲ. ಬಣ್ಣಕ್ಕೆ ಯಾವ ಭಾಷೆ?

ಸಿಟ್ಟಿನಿಂದ ಇಡೀ ಫೋಲ್ಡರನ್ನೇ ಅಳಿಸಲು ಹೋದೆ. ಅಳಿಸಲಾಗದು, ಫೈಲು ಬಳಕೆಯಲ್ಲಿ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಿ ಎಂದಿತು ವಿಂಡೋಸ್. ಯಾರು ಬಳಸುತ್ತಿದ್ದಾರೆ? ಕೋಣೆಯಲ್ಲಿ ನಾನೊಬ್ಬನೇ. ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದೆ. ಮೊದಲ ಪಟ್ಟಿಯಲ್ಲಿ ನನ್ನ ಪ್ರೋಗ್ರಾಂ 'ತೊಗರಿ' ಇರಲಿಲ್ಲ. ಅಲ್ಲಿ ಕಿಟಕಿ ಇರುವವಕ್ಕಷ್ಟೇ ಜಾಗ. ಪಕ್ಕದ 'ಪ್ರೊಸೆಸಸ್' ಒತ್ತಿದರೆ ತೊಗರಿ, ತೊಗರಿ, ತೊಗರಿ. ಎಣಿಸಿದೆ. ಏಳು.

ಆಗ ಪುಸ್ತಕದ ಪುಟವನ್ನೂ ಪರದೆಯನ್ನೂ ಸಾಲು ಸಾಲಾಗಿ ತಾಳೆ ನೋಡಿದೆ. ಬೆಳಗ್ಗೆ ಕರೆಂಟು ಹೋದ ಜಾಗದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು: 'ಪೋಸ್ಟ್‌ಕ್ವಿಟ್‌ಮೆಸೇಜ್'. ಕಿಟಕಿ ನಾಶವಾದಾಗ ಇನ್ನು ಸಾಕು ಎಂಬ ಸಂದೇಶವನ್ನು ನಾವೇ ಹಾಕಬೇಕು. ಅದು ಕೈಗೆ ಬಂದಾಗಲೇ 'ಗೆಟ್‌ಮೆಸೇಜ್' ಸೊನ್ನೆ ಹೇಳುತ್ತದೆ, ಸುತ್ತು ಮುಗಿಯುತ್ತದೆ. ನಾನು ಶಟರ್ ಎಳೆದು ಮನೆಗೆ ಹೋಗಿದ್ದೆ, ಒಳಗಿದ್ದ ಮುನೀಮರಿಗೆ ಹೇಳಿರಲಿಲ್ಲ. ಕತ್ತಲಲ್ಲಿ ಗಿರಾಕಿಗಾಗಿ ಏಳು ಜನ ಮುನೀಮರು ಕಾಯುತ್ತ ಕುಳಿತಿದ್ದರು. ಓಡುತ್ತಿರುವ ಫೈಲಿನ ಮೇಲೆ ಹೊಸದನ್ನು ಬರೆಯಲು ವಿಂಡೋಸ್ ಬಿಡುವುದಿಲ್ಲ. ಕಂಪ್ಯೂಟರ್ ಆರಿದಾಗಷ್ಟೇ ಅವರು ಎದ್ದುಹೋಗುತ್ತಿದ್ದರು, ಅದಕ್ಕೇ ಆಮೇಲೆ ಹೊಸ ಹೆಸರು ಬರುತ್ತಿತ್ತು. ನಾನು ಓದದೆ 'ಎಸ್' ಒತ್ತುತ್ತಿದ್ದ ಪೆಟ್ಟಿಗೆ ಕೇಳುತ್ತಿದ್ದುದೂ ಅದನ್ನೇ: ಹೊಸದನ್ನು ಕಟ್ಟಲಾಗಲಿಲ್ಲ, ಹಿಂದಿನದನ್ನೇ ಓಡಿಸಲೇ? ಕೆಳಗಿನ ಕಿಂಡಿಯಲ್ಲಿ ಅದನ್ನೇ ಹೇಳುವ ಎಲ್‌ಎನ್‌ಕೆ1168 ಎಂಬ ದೋಷವೂ ಇಡೀ ದಿನ ಕಾಣುತ್ತಲೇ ಇತ್ತು. ಅದರ ಕಡೆ ಒಮ್ಮೆಯೂ ಕಣ್ಣು ಹಾಕಿರಲಿಲ್ಲ.

ಏಳನ್ನೂ ಒಂದೊಂದಾಗಿ ಮುಗಿಸಿ, ಬಿಟ್ಟ ಸಾಲನ್ನು ಸೇರಿಸಿ ಓಡಿಸಿದೆ. ಹೊಸ ಬಣ್ಣದ ಕಿಟಕಿ, ಕನ್ನಡದ ಹೆಸರು. ಮುಚ್ಚಿದೆ, ಟಾಸ್ಕ್ ಮ್ಯಾನೇಜರ್ ನೋಡಿದೆ. ಒಂದು ತೊಗರಿಯೂ ಇರಲಿಲ್ಲ.

ಅಷ್ಟರಲ್ಲಿ ಕಾಕಾ ಅಂಗಡಿ ತೆರೆದು ಒಳಗೆ ಬಂದರು. ಮತ್ತೆ ಓಡಿಸಿ ತೋರಿಸಿದೆ. ಕನ್ನಡಕ ಏರಿಸಿ 'ತೊಗರಿ ಲೆಕ್ಕ' ಎಂದು ಗಟ್ಟಿಯಾಗಿ ಓದಿದರು. ಕೆಳಗಿನ ಖಾಲಿ ಜಾಗವನ್ನು ಸ್ವಲ್ಪ ಹೊತ್ತು ನೋಡಿದರು.

"ಹೆಸರು ಬಂತು, ತಮ್ಮಾ. ಲೆಕ್ಕ ಎಲ್ಲಿದೆ?"

"ಅದಕ್ಕೆ ಗುಂಡಿ ಬೇಕು ಕಾಕಾ, ಅಂಕಿ ತುಂಬುವ ಪೆಟ್ಟಿಗೆ ಬೇಕು. ಒಂಬತ್ತನೆಯ ಅಧ್ಯಾಯದಲ್ಲಿದೆ."

"ಈಗ ಎಷ್ಟನೆಯದರಲ್ಲಿದ್ದೀ?"

"ಎರಡು."

ಕಾಕಾ ಮುನೀಮರಿಗೆ ಕಿರ್ದಿ ತರಲು ಹೇಳಿದರು. ನಾನು ಪೆನ್ಸಿಲ್ ಹುಡುಕಿ, ಬಿಟ್ಟುಹೋಗಿದ್ದ ಆ ಸಾಲಿನ ಕೆಳಗೆ ಒಂದು ಗೆರೆ ಎಳೆದೆ.