ಜೋರಾಗಿ ಹೇಳಮ್ಮ

"ಜೋರಾಗಿ ಹೇಳಮ್ಮ, ಏನಾಗಿದೆ ನಿಂಗೆ?"

ಸೋಮವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ತಾಲ್ಲೂಕು ಆಸ್ಪತ್ರೆಯ ಚೀಟಿ ಕೌಂಟರ್. ರತ್ನಮ್ಮ ಕಿಟಕಿಯ ಕಂಬಿಗೆ ಬಾಯಿ ಇಟ್ಟು ಏನೋ ಪಿಸುಗುಟ್ಟಿದರು. ಒಳಗಿದ್ದಾತ ಕೂಗಿದ. ಅವರು ಹಿಂದೆ ತಿರುಗಿ ನೋಡಿದರು. ಬೆನ್ನಿಗೇ ನಿಂತಿದ್ದವನು ಅವರ ಕೇರಿಯ ಹುಡುಗ. "ಹೊಟ್ಟೆ ನೋವು" ಅಂದುಬಿಟ್ಟರು. ಚೀಟಿಯಲ್ಲೂ ಅದೇ ಬಂತು.

ಹೊಟ್ಟೆ ನೋವಲ್ಲ ಅದು. ಮೂರು ತಿಂಗಳಿಂದ ಮುಟ್ಟು ನಿಲ್ಲುತ್ತಿರಲಿಲ್ಲ. ನನಗೆ ಹೇಳಿದ್ದೂ ನಮ್ಮ ತೋಟದಲ್ಲಿ ಅಡಿಕೆ ಹೆಕ್ಕುವಾಗ ತಲೆ ಸುತ್ತಿ ಕೂತ ಮೇಲೆ.

ನಾನು ಕಿಟಕಿಗೆ ಹೋಗಿ, ಹೆಂಗಸರ ಡಾಕ್ಟರಿಗೆ ಬರೆದುಕೊಡಿ ಅಂದೆ. "ಮೇಡಂ, ನೀವು ಮೊದಲೇ ಹೇಳಬಾರದಿತ್ತಾ?" ದನಿ ಎಷ್ಟು ಮೆತ್ತಗಿತ್ತು! ಅದೇ ಮನುಷ್ಯ, ಅದೇ ಕಿಟಕಿ. ನನಗಿಂತ ಹತ್ತು ವರ್ಷ ದೊಡ್ಡವರಿಗೆ ನಿಂಗೆ, ನನಗೆ ನೀವು. ಆತ ಕೆಟ್ಟವನು ಅಂತ ಅನಿಸಲಿಲ್ಲ. ಬೆಳಗ್ಗಿಂದ ಒಬ್ಬನೇ ಚೀಟಿ ಬರೆಯುತ್ತಿದ್ದ. ಆದರೆ ದನಿ ತಗ್ಗಿಸುವುದು ಆತನಿಗೆ ಗೊತ್ತಿತ್ತಲ್ವಾ?

ಡಾಕ್ಟರಮ್ಮ ಒಳ್ಳೆಯವರು. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು, ಒಳಗೆ ಸುಣ್ಣದ ಹಾಗೆ ಬೆಳ್ಳಗಿತ್ತು. ಹಿಮೋಗ್ಲೋಬಿನ್ 7.2. "ಇಷ್ಟು ದಿನ ಏನ್ ಮಾಡ್ತಿದ್ರಿ?" ಅಂದರು. "ಕೂಲಿ" ಅಂದರು ರತ್ನಮ್ಮ.

2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ಅವರಲ್ಲಿ ಎಷ್ಟು ಜನ ಕಿಟಕಿಯ ಮುಂದೆ "ಹೊಟ್ಟೆ ನೋವು" ಅಂದು ವಾಪಸ್ ಹೋಗಿರಬಹುದು ಅಂತ ಯೋಚಿಸುತ್ತಾ ಇದ್ದೇನೆ. 2023ರ ಜೂನ್‌ನಿಂದ ಬಸ್ಸೇನೋ ಹೆಂಗಸರಿಗೆ ಉಚಿತ. ಆದರೆ ಆ ದಿನದ ಕೂಲಿ ಯಾರು ಕೊಡುತ್ತಾರೆ? ಸ್ಕ್ಯಾನಿಂಗ್ ಅವತ್ತೇ ಆಗಲಿಲ್ಲ, ಮುಂದಿನ ಮಂಗಳವಾರ ಬನ್ನಿ ಅಂದರು. ಇನ್ನೊಂದು ದಿನದ ಕೂಲಿ ಹೋಯಿತು.

ಬಸ್ಸಿನಲ್ಲಿ ಬರುವಾಗ ತುಮಕೂರಿನದ್ದು ನೆನಪಾಯಿತು. 2022ರ ನವೆಂಬರ್. ಹೆರಿಗೆ ನೋವಿನಲ್ಲಿ ಬಂದ ಬಡ ತಮಿಳು ಹೆಂಗಸನ್ನು ತಾಯಿ ಕಾರ್ಡ್, ಆಧಾರ್ ಇಲ್ಲ ಅಂತ ವಾಪಸ್ ಕಳಿಸಿದರು ಎಂಬ ಆರೋಪ ಬಂದಿತ್ತು. ಆಕೆ, ಅವಳಿ ಕೂಸುಗಳು, ಮೂರೂ ಜೀವ ಮನೆಯಲ್ಲೇ ಹೋದವು. ತುರ್ತು ಇದ್ದಾಗ ಕಾರ್ಡ್ ಕೇಳಬಾರದು ಅಂತ ಸರ್ಕಾರ ಹೇಳಿದ್ದು ಆಮೇಲೆ. ಅಲ್ಲೂ ಅಷ್ಟೇ, ನೋವು ನೋಡುವ ಮೊದಲು ಬಂದದ್ದು ಪ್ರಶ್ನೆ.

ಕೌಂಟರಿನವನ ಮೇಲೆ ಇಡೀ ದಾರಿ ಸಿಟ್ಟು ಮಾಡಿಕೊಂಡು ಮನೆಗೆ ಬಂದೆ. ಊಟಕ್ಕೆ ಕೂತಾಗ ಅಮ್ಮ ಕೇಳಿದರು, "ರತ್ನಿಗೆ ಏನಂತೆ?"

ತುತ್ತು ಗಂಟಲಲ್ಲೇ ನಿಂತಿತು. ನಮ್ಮನೆಯಲ್ಲಿ ಅವರು ಯಾವಾಗಲೂ ರತ್ನಿಯೇ. ನಾನೂ ಚಿಕ್ಕಂದಿನಿಂದ ನೀನು, ಬಾ, ಹೋಗು ಅಂದೇ ಮಾತಾಡಿಸಿದವಳು. ಈಗ "ಅವರು" ಅಂತ ಬರೆಯುವಾಗಲೂ ಕೈ ಒಮ್ಮೆ ತಡೆಯುತ್ತದೆ. ಮೂರು ತಿಂಗಳು ನಮಗೂ ಅವರು ಯಾಕೆ ಹೇಳಲಿಲ್ಲ ಅನ್ನುವುದು ಆಗ ಹೊಳೆಯಿತು.

ಬಸ್ಸಿಳಿಯುವಾಗ ಅವರು ನನ್ನ ಕೈ ಹಿಡಿದು ಕೇಳಿದ್ದರು. "ಮಂಗಳವಾರ ನೀವೂ ಬರ್ತೀರಲ್ವಾ ಅಮ್ಮಾ? ನೀವು ಹೇಳಿದ್ರೆ ಕೇಳ್ತಾರೆ."

ಎಂಟು ಗಂಟೆ ಬಸ್ಸಿಗೆ ಹೋಗುತ್ತಿದ್ದೇವೆ.