ಕರೆಂಟ್ ಖರ್ಚೂ ಇಲ್ವಲ್ಲಾ!

"ಕೈಹೊಲಿಗೆ ಅಂತೀರಿ, ಹಂಗಾದ್ರೆ ಕರೆಂಟ್ ಖರ್ಚೂ ಇಲ್ವಲ್ಲಾ ಅಕ್ಕ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ."

ಸೋಮವಾರ ನನ್ನ ಹೊಲಿಗೆ ಅಂಗಡಿಗೆ ಟ್ರಯಲ್ ನೋಡಲು ಬಂದ ಗಿರಾಕಿಯೊಬ್ಬರು ಅಂದ ಮಾತು. ಇವತ್ತು ಶುಕ್ರವಾರ, ಇನ್ನೂ ತಲೆಯಲ್ಲೇ ಇದೆ. ಅಂದವರು ಕೆಟ್ಟವರೇನಲ್ಲ. ಬರುವಾಗಲೆಲ್ಲ ತೋಟದ ಬಾಳೆಹಣ್ಣು ತರುತ್ತಾರೆ, ಮಾತೂ ಮೆತ್ತಗೆ. ಆದರೆ ಪೆಟ್ರೋಲ್ ಹಾಕಿಸುವಾಗ ಯಾರೂ ಚೌಕಾಸಿ ಮಾಡಲ್ಲ, ಟೈಲರ್ ಹತ್ತಿರ ಮಾತ್ರ ಎಲ್ಲರಿಗೂ ಬಾಯಿ ಬರುತ್ತದೆ, ಅಲ್ವಾ?

ಅವರ ಮಗಳಿಗೆ ಕಾಲೇಜಿನ ನಾಟಕ. 1840ರ ಸುಮಾರಿನ ಕಥೆ, ನಮ್ಮ ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಇಂಗ್ಲಿಷರು ಕಾಫಿ ತೋಟ ಮಾಡುತ್ತಿದ್ದ ಕಾಲ. ಇವಳು ದೊರೆಸಾನಿ. ನಾನು ಹೊಲಿಯುವ ಅವಳ ಗೌನು ಆಗ ಹೇಗಿತ್ತೋ ಹಾಗೇ ಇರಬೇಕು ಅಂತ ಹಟ ಹಿಡಿದದ್ದು ಹುಡುಗಿಯೇ. ನನಗೆ ಅವಳು ಇಷ್ಟವಾದದ್ದೂ ಅದಕ್ಕೇ.

ಹಾಗೇ ಇರಬೇಕು ಅಂದರೆ ಕೈಯಲ್ಲೇ ಹೊಲಿಯಬೇಕು. ಅಮೆರಿಕದ ಎಲಿಯಾಸ್ ಹೋವ್ ತನ್ನ ಹೊಲಿಗೆ ಮೆಷೀನಿಗೆ ಪೇಟೆಂಟ್ ತಗೊಂಡದ್ದು 1846ರಲ್ಲಿ, ಸಿಂಗರ್ 1851ರಲ್ಲಿ. ಲಂಗವನ್ನು ಅರಳಿಸಿ ನಿಲ್ಲಿಸುವ ಉಕ್ಕಿನ ಬಳೆಗಳ ಚೌಕಟ್ಟು ಇನ್ನೂ ತಡ, 1856. ಅಲ್ಲಿಯವರೆಗೆ ಒಂದರ ಮೇಲೊಂದು ಒಳಲಂಗವೇ ಗತಿ, ಕೆಲವಕ್ಕೆ ಕುದುರೆ ಕೂದಲು ಸೇರಿಸಿ ನೇಯ್ದ ಬಟ್ಟೆ. ನಾನು ಕಾಟನ್ನಿಗೆ ಗಟ್ಟಿಯಾಗಿ ಗಂಜಿ ಹಾಕಿದೆ.

ಜೀವ ಹಿಂಡಿದ್ದು ಸೊಂಟದ ನೆರಿಗೆ. ಮೂರೂವರೆ ಮೀಟರ್ ಸುತ್ತಳತೆಯ ಲಂಗ ಆ ಹುಡುಗಿಯ ಸಣ್ಣ ಸೊಂಟಕ್ಕೆ ಕೂರಬೇಕು. ಮೇಲಂಚನ್ನು ಮಡಚಿ ಎರಡು ಸಾಲು ಉದ್ದ ಹೊಲಿಗೆ ಹಾಕಬೇಕು, ಮೇಲಿನ ಸಾಲಿನ ನೇರಕ್ಕೇ ಕೆಳಗಿನದೂ ಬೀಳಬೇಕು, ಒಂದು ಆಚೀಚೆಯಾದರೂ ದಾರ ಎಳೆದಾಗ ನೆರಿಗೆ ಸೊಟ್ಟ. ಸರಿಯಾಗಿ ಬಂದರೆ ಅಣಬೆಯ ಅಡಿಯ ಗೆರೆಗಳ ಹಾಗೆ ಒತ್ತೊತ್ತಾಗಿ ನಿಲ್ಲುತ್ತವೆ. ಆಮೇಲೆ ಒಂದೊಂದು ನೆರಿಗೆಯ ತುದಿಯನ್ನೂ ಬಿಡಿಬಿಡಿಯಾಗಿ ಮೇಲಂಗಿಯ ಅಂಚಿಗೆ ಹೊಲಿಯಬೇಕು. ಮೆಷೀನಿನ ಕೆಳಗೆ ಇಟ್ಟರೆ ಎಲ್ಲ ಮಲಗಿಬಿಡುತ್ತವೆ.

ಮಂಗಳವಾರ ಸಂಜೆ ಮಳೆಗೆ ಕರೆಂಟ್ ಹೋಯಿತು. ಎಮರ್ಜೆನ್ಸಿ ಲೈಟಿನಲ್ಲಿ ಕೂತು ನೆರಿಗೆ ಹಿಡಿಯುವಾಗ ನಗು ಬಂತು. ಕರೆಂಟ್ ಖರ್ಚಿಲ್ಲ, ನಿಜವೇ!

ನಗು ಬೇಗ ಇಳಿಯಿತು. ನಮ್ಮಲ್ಲಿ ಬಟ್ಟೆಗೆ ಬೆಲೆ, ಜರಿಗೆ ಬೆಲೆ. ಸೀರೆಗೆ ಕುಚ್ಚು ಕಟ್ಟುವ ಹೆಂಗಸರನ್ನೇ ನೋಡಿ. ಮನೆಕೆಲಸ ಮುಗಿಸಿ ರಾತ್ರಿ ಕೂತು ಗಂಟು ಹಾಕುತ್ತಾರೆ, "ಹೆಂಗೂ ಮನೇಲಿ ಸುಮ್ನೆ ಇರ್ತಾರಲ್ಲ" ಅಂತ ಅವರಿಗೆ ಕೊಡುವುದೂ ಕಮ್ಮಿ. ಆ ದೊರೆಸಾನಿಯರ ದೇಶದಲ್ಲೂ ಇದೇ ಕಥೆ. ಸೀಸನ್ನಿನಲ್ಲಿ ಲಂಡನ್ನಿನ ಹೊಲಿಗೆಯ ಹುಡುಗಿಯರು ದಿನಕ್ಕೆ 15 ಗಂಟೆಗೂ ಜಾಸ್ತಿ ಕೂರುತ್ತಿದ್ದರು ಅಂತ 1843ರಲ್ಲಿ ಸರ್ಕಾರಿ ಆಯೋಗದ ವರದಿಯೇ ಬಂದಿತ್ತು. ಅವರಿಗೂ ಕರೆಂಟ್ ಖರ್ಚಿರಲಿಲ್ಲ.

ನಿನ್ನೆ ಬಂದು ಒಯ್ದರು. ಹುಡುಗಿ ಹಾಕಿಕೊಂಡು ಅಂಗಡಿಯಲ್ಲೇ ಗಿರ್ರನೆ ತಿರುಗಿದಳು. ಅಮ್ಮ ಸೊಂಟದ ಹತ್ತಿರ ಬಟ್ಟೆ ಮಗುಚಿ ಒಳಗಿನ ಹೊಲಿಗೆ ನೋಡಿ "ಇಷ್ಟೊಂದಾ!" ಅಂದರು. ನಾನು ರೇಟಿನಲ್ಲಿ ಒಂದು ರೂಪಾಯಿ ಬಿಡಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಅರ್ಧ ಕೊಟ್ಟಿದ್ದಾರೆ, ಉಳಿದದ್ದು ನಾಟಕ ಆದ ಮೇಲಂತೆ.