ಬಾರ್ಡ್ ಯಾಕೆ ಯಾವಾಗಲೂ ಕೊನೆಯವನು?

ನಮ್ಮ ಬಿ.ಎ. ಬ್ಯಾಚಿನವರು ಎಲ್ಲೇ ಸೇರಲಿ, ಮಾತು ಇಂಗ್ಲಿಷ್ ಮೇಷ್ಟ್ರ ಕ್ಲಾಸಿಗೆ ಬಂದೇ ಬರುತ್ತದೆ. ರೊಮ್ಯಾಂಟಿಕ್ ಕಾವ್ಯದ ಪೇಪರು ಅವರದು. ಸಾಮಾನ್ಯವಾಗಿ ಅದನ್ನು ವರ್ಡ್ಸ್‌ವರ್ತ್‌ನಿಂದ ಶುರು ಮಾಡುತ್ತಾರೆ. ಇವರು ಅದಕ್ಕೂ ನಲವತ್ತು ವರ್ಷ ಹಿಂದಕ್ಕೆ ಹೋಗಿ, ಥಾಮಸ್ ಗ್ರೇ 1757ರಲ್ಲಿ ಪ್ರಕಟಿಸಿದ 'ದ ಬಾರ್ಡ್' ಪದ್ಯ ಹಿಡಿದರು. "ಮೊದಲು ಈ ಮುದುಕನ ಮಾತು ಕೇಳಿಸಿಕೊಳ್ಳಿ. ಆಮೇಲೆ ಬರೋ ಕವಿಗಳಲ್ಲಿ ಎಷ್ಟೋ ಜನ ಇವನ ಮೊಮ್ಮಕ್ಕಳು" ಎಂದರು.

ಕಥೆ ಇಷ್ಟು. 13ನೇ ಶತಮಾನದ ಕೊನೆ. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ವೇಲ್ಸ್ ಗೆದ್ದಿದ್ದಾನೆ. ದಂಡು ಕಟ್ಟಿಕೊಂಡು ಸ್ನೋಡನ್ ಬೆಟ್ಟದ ಸೀಮೆಯಲ್ಲಿ ಇಳಿದು ಬರುತ್ತಿದ್ದಾನೆ. ಅಲ್ಲಿನ ಬಾರ್ಡ್‌ಗಳನ್ನೆಲ್ಲ, ಅಂದರೆ ಅರಸರನ್ನೂ ಅವರ ವಂಶವನ್ನೂ ಹೊಗಳಿ ಹಾಡುವ ಕವಿಗಳನ್ನೆಲ್ಲ, ಕೊಲ್ಲಿಸಿದ್ದಾನೆ. ಒಬ್ಬ ಮಾತ್ರ ಉಳಿದಿದ್ದಾನೆ. ಅವನು ಕಾನ್ವಿ ನದಿಯ ಮೇಲಿನ ಬಂಡೆಯ ತುದಿಯಲ್ಲಿ ನಿಂತಿದ್ದಾನೆ. ನರೆತ ಗಡ್ಡ ಗಾಳಿಗೆ ಹಾರುತ್ತಿದೆ. ಹಾರ್ಪ್ ಮೀಟುತ್ತಾ ದೊರೆಗೆ ಶಾಪ ಹಾಕುತ್ತಾನೆ. ನಿನ್ನ ವಂಶಕ್ಕೆ ಏನೇನು ಕೇಡು ಕಾದಿದೆ ಕೇಳು ಎಂದು ಒಂದೊಂದಾಗಿ ಹೇಳುತ್ತಾನೆ. ಮುಂದೊಂದು ದಿನ ವೇಲ್ಸ್ ಮೂಲದ ಟ್ಯೂಡರ್‌ಗಳೇ ಇಂಗ್ಲೆಂಡ್ ಆಳುತ್ತಾರೆ, ಕಾವ್ಯ ಮತ್ತೆ ಚಿಗುರುತ್ತದೆ ಎನ್ನುತ್ತಾನೆ. ಅಷ್ಟು ಹೇಳಿ ಕೆಳಗಿನ ಹೊಳೆಗೆ ಹಾರಿಬಿಡುತ್ತಾನೆ.

ಮೇಷ್ಟ್ರು ಇದನ್ನು ಕೂತು ಓದಲು ಬಿಡಲಿಲ್ಲ. ಒಬ್ಬೊಬ್ಬರನ್ನೇ ಎಬ್ಬಿಸಿ ಜೋರಾಗಿ ಓದಿಸಿದರು. ಉಚ್ಚಾರ ತಪ್ಪಿದರೂ ಪರವಾಗಿಲ್ಲ, ದನಿ ಕುಗ್ಗಬಾರದು ಎನ್ನುತ್ತಿದ್ದರು. ಶಾಪ ಹಾಕೋನು ಪಿಸುಗುಟ್ತಾನೇನ್ರಯ್ಯಾ?

ಬರೆದವನು ಎಂಥವನು ಗೊತ್ತಾ? ಕೇಂಬ್ರಿಜ್‌ನಲ್ಲಿ ಪುಸ್ತಕಗಳ ನಡುವೆ ಒಬ್ಬನೇ ಬದುಕಿದ, ಸಂಕೋಚದ ಮನುಷ್ಯ. ಪದ್ಯ ಶುರು ಮಾಡಿ ಅರ್ಧಕ್ಕೇ ಬಿಟ್ಟಿದ್ದ. 1757ರಲ್ಲಿ ಜಾನ್ ಪ್ಯಾರಿ ಎಂಬ ಕುರುಡ ವೇಲ್ಸ್ ವಾದಕ ಕೇಂಬ್ರಿಜ್‌ಗೆ ಬಂದು ಹಾರ್ಪ್ ನುಡಿಸಿದ. ಅದನ್ನು ಕೇಳಿದ ಹುರುಪಿನಲ್ಲಿ ಗ್ರೇ ಪದ್ಯ ಮುಗಿಸಿದ. ಅದೇ ವರ್ಷದ ಕೊನೆಯಲ್ಲಿ ಅವನಿಗೆ ಇಂಗ್ಲೆಂಡಿನ ಆಸ್ಥಾನಕವಿ ಪದವಿ ಕೊಡುತ್ತೇವೆ ಎಂದರು. ಅವನು ಒಲ್ಲೆ ಎಂದ. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ ಎಂದು ಮೇಷ್ಟ್ರು ಹೇಳಿದ್ದು ನನ್ನ ಮನಸ್ಸಿನಲ್ಲಿ ಹಾಗೇ ಕೂತಿದೆ. ಆಗಿನ ಕವಿಗಳಿಗೆ ದೊಡ್ಡವರ ಆಶ್ರಯ ತಪ್ಪುತ್ತಿತ್ತು. ಅಂಗಡಿಯಲ್ಲಿ ಪುಸ್ತಕ ಕೊಳ್ಳುವ, ಮುಖ ಕಾಣದ ಓದುಗರನ್ನು ನಂಬಿ ಬರೆಯಬೇಕಾಗಿತ್ತು. ನಾವು ಯಾರು, ನಮ್ಮ ಮಾತಿಗೆ ಏನು ಬೆಲೆ ಎಂಬ ಪ್ರಶ್ನೆ ಅವರನ್ನು ಕಾಡುತ್ತಿತ್ತು. ದೊರೆಯ ಮುಖಕ್ಕೇ ಮಾತಾಡುವ ಬಾರ್ಡ್ ಅವರಿಗೆ ಬೇಕೇ ಬೇಕಾಗಿದ್ದ.

ನಮ್ಮ ಕ್ಲಾಸಿನಲ್ಲಿ ಮಳವಳ್ಳಿ ಕಡೆಯ ಗೆಳೆಯನೊಬ್ಬನಿದ್ದ. ಅವನ ಊರಿಗೆ ನೀಲಗಾರರು ಬಂದು ಮಂಟೇಸ್ವಾಮಿ ಕಥೆ ಹಾಡುತ್ತಿದ್ದರು. ಅವನು ಎದ್ದು ನಿಂತು ಕೇಳಿದ: "ಸಾರ್, ಇವರ ಬಾರ್ಡ್ ಯಾಕೆ ಯಾವಾಗಲೂ ಕೊನೆಯವನು? ನಮ್ಮೂರಿಗೆ ಬರೋರು ವರ್ಷಾ ವರ್ಷಾ ಬರ್ತಾನೇ ಇರ್ತಾರಲ್ಲ?"

ಮೇಷ್ಟ್ರಿಗೆ ಆದ ಖುಷಿ ನೋಡಬೇಕಿತ್ತು. ಅವತ್ತಿನ ಪಾಠ ಬಿಟ್ಟು ಅದರ ಬೆನ್ನು ಹತ್ತಿದರು. ಎಡ್ವರ್ಡ್ ಬಾರ್ಡ್‌ಗಳನ್ನು ಕೊಲ್ಲಿಸಿದ ಎಂಬುದಕ್ಕೆ ಆಧಾರವೇ ಇಲ್ಲ ಎಂದರು. ಅದು ದಂತಕಥೆ. ವೇಲ್ಸ್ ಸೋತ ಮೇಲೂ ಅಲ್ಲಿ ಕವಿಗಳು ಹಾಡುತ್ತಲೇ ಇದ್ದರು. ವೇಲ್ಸ್ ಭಾಷೆಯ ಅತಿ ದೊಡ್ಡ ಕವಿ ಎನ್ನಿಸಿಕೊಂಡ ದಾವಿಥ್ ಆಪ್ ಗ್ವಿಲಿಮ್ ಬಂದದ್ದೇ 14ನೇ ಶತಮಾನದಲ್ಲಿ, ಆ ಕೊಲೆಗಳ ಕಥೆ ನಡೆಯಿತು ಎನ್ನುವ ಕಾಲದ ನಂತರ! ಅಂದರೆ ನಿಜವಾದ ಕವಿಗಳು ಅಲ್ಲೇ ಇದ್ದರು. ಇಂಗ್ಲಿಷ್ ಓದುಗರಿಗೆ ಮಾತ್ರ ಸತ್ತುಹೋದ ಬಾರ್ಡ್ ಇಷ್ಟವಾಗಿದ್ದ. ಸತ್ತವನ ಬಾಯಲ್ಲಿ ಏನು ಬೇಕಾದರೂ ಹೇಳಿಸಬಹುದು ಅಲ್ವಾ?

ಇದಕ್ಕೆ ಜೇಮ್ಸ್ ಮ್ಯಾಕ್‌ಫರ್ಸನ್‌ಗಿಂತ ದೊಡ್ಡ ಉದಾಹರಣೆ ಬೇಡ. ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯವನು. 1760ರಿಂದ ಮೂರು ನಾಲ್ಕು ವರ್ಷದಲ್ಲಿ ಪುಸ್ತಕದ ಮೇಲೆ ಪುಸ್ತಕ ತಂದ. ಇವು ಓಸಿಯನ್ ಎಂಬ ಪ್ರಾಚೀನ ಕುರುಡ ಕವಿಯ ಹಾಡುಗಳು, ಅಲ್ಲಿನ ಗೇಲಿಕ್ ಭಾಷೆಯಿಂದ ಅನುವಾದ ಮಾಡಿದ್ದೇನೆ ಎಂದ. ಓಸಿಯನ್ ಕೂಡ ತನ್ನವರನ್ನೆಲ್ಲ ಕಳೆದುಕೊಂಡು ಕೊನೆಗೆ ಉಳಿದವನೇ. ಯುರೋಪಿಗೆ ಹುಚ್ಚು ಹಿಡಿಯಿತು. ಜರ್ಮನ್ ಕವಿ ಗಯಟೆ ತನ್ನ ಕಾದಂಬರಿಯ ನಾಯಕ ವೆರ್ಥರ್‌ನ ಕೈಯಲ್ಲಿ ಅದನ್ನು ಓದಿಸಿದ. ನೆಪೋಲಿಯನ್‌ಗೂ ಅದು ಅಚ್ಚುಮೆಚ್ಚು. ಇಂಗ್ಲಿಷ್ ವಿಮರ್ಶಕ ಸ್ಯಾಮ್ಯುಯೆಲ್ ಜಾನ್ಸನ್ ಮಾತ್ರ ನಂಬಲಿಲ್ಲ. ಹಸ್ತಪ್ರತಿ ಎಲ್ಲಿ, ತೋರಿಸು ಎಂದ. ಜನರ ಬಾಯಲ್ಲಿದ್ದ ಹಳೆಯ ಲಾವಣಿಗಳನ್ನು ಒಂದಿಷ್ಟು ಬಳಸಿ, ಉಳಿದದ್ದನ್ನು ಮ್ಯಾಕ್‌ಫರ್ಸನ್ ತಾನೇ ಕಟ್ಟಿದ್ದ ಎಂದು ವಿದ್ವಾಂಸರು ಆಮೇಲೆ ತೋರಿಸಿಕೊಟ್ಟರು.

ಕ್ಲಾಸಿನಲ್ಲಿ ಜಗಳವೇ ಆಯಿತು. ಮೋಸಗಾರ ಎಂದು ಅರ್ಧ ಜನ. ನಾನು ಇನ್ನೊಂದು ಕಡೆ ಇದ್ದೆ, ಈಗಲೂ ಅಲ್ಲೇ ಇದ್ದೇನೆ. ಸ್ಕಾಟ್ಲೆಂಡಿನ ಬೆಟ್ಟದ ಜನ ಬ್ರಿಟಿಷ್ ಸರ್ಕಾರದ ದಂಡಿಗೆ ಸೋತ 1746ರ ಕಲೋಡನ್ ಯುದ್ಧ ನಡೆದಾಗ ಮ್ಯಾಕ್‌ಫರ್ಸನ್ ಇನ್ನೂ ಹುಡುಗ. ಸೋತ ಬೆಟ್ಟದ ಜನರ ಉಡುಪಿಗೂ ಸರ್ಕಾರ ನಿಷೇಧ ಹಾಕಿತು. ಅವರ ಕುಲದ ಮುಖಂಡರ ಅಧಿಕಾರ ಮುರಿಯಿತು. ಓಸಿಯನ್‌ನ ಅಳುವನ್ನು ಅವನು ಸುಮ್ನೆ ಹೊಸೆದದ್ದಲ್ಲ. ಆ ಅಳುವಿಗೆ ಕಾರಣ ಅವನ ಕಣ್ಣ ಮುಂದೆಯೇ ಇತ್ತು.

ವಾಲ್ಟರ್ ಸ್ಕಾಟ್ 1805ರಲ್ಲಿ ಬರೆದ ದೀರ್ಘಕಾವ್ಯದ ಹಾಡುಗಾರನೂ ಕೊನೆಯವನೇ. ಮುದುಕ, ಬಡವ. ಅನಾಥ ಹುಡುಗನೊಬ್ಬ ಅವನ ಹಾರ್ಪ್ ಹೊತ್ತುಕೊಂಡು ಬರುತ್ತಾನೆ. ಅವನಿಗೆ ಶಾಪ ಹಾಕುವ ಶಕ್ತಿ ಉಳಿದಿಲ್ಲ. ಒಬ್ಬ ದೊಡ್ಡ ಮನೆಯ ಹೆಂಗಸಿನ ಮುಂದೆ ಹಾಡಿ, ಅವಳ ದಯೆ ಪಡೆಯುತ್ತಾನೆ. ಓದಲು ಸೊಗಸು, ಆದರೆ ಗ್ರೇಯ ಮುದುಕನ ಬೆಂಕಿ ಇಲ್ಲ. ಬೆಂಕಿ ಮತ್ತೆ ಹೊತ್ತಿದ್ದು ದೂರದ ಹಂಗೇರಿಯಲ್ಲಿ. 1857ರಲ್ಲಿ, ಆಗ ಹಂಗೇರಿಯನ್ನೂ ಆಳುತ್ತಿದ್ದ ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಹಂಗೇರಿಗೆ ಬಂದಾಗ ಅವನನ್ನು ಹೊಗಳಿ ಪದ್ಯ ಬರೆಯಲು ಅಲ್ಲಿನ ಕವಿ ಯಾನೋಷ್ ಅರಾನಿ ಒಪ್ಪಲಿಲ್ಲ. ಎಡ್ವರ್ಡನನ್ನು ಹೊಗಳಲು ಒಪ್ಪದೆ ಸಾಯುವ 500 ಬಾರ್ಡ್‌ಗಳ ಲಾವಣಿ ಬರೆದ. ನಡೆಯದ ಕೊಲೆಯ ಕಥೆ ಅವನಿಗೆ ನಿಜವಾದ ಆಯುಧವಾಯಿತು. ಹಂಗೇರಿಯ ಮಕ್ಕಳು ಇಂದಿಗೂ ಶಾಲೆಯಲ್ಲಿ ಅದನ್ನು ಓದುತ್ತಾರೆ.

ಗೆಳೆಯನ ಪ್ರಶ್ನೆಗೆ ಮೇಷ್ಟ್ರು ಕೊಟ್ಟ ಕೊನೆಯ ಉತ್ತರ ವಿಲಿಯಂ ಬ್ಲೇಕ್. ಅವನ 1794ರ 'ಅನುಭವದ ಹಾಡುಗಳು' ಸಂಕಲನ ಬಾರ್ಡ್‌ನ ದನಿಯಿಂದಲೇ ಶುರುವಾಗುತ್ತದೆ. ಈ ಬಾರ್ಡ್ ಕೊನೆಯವನಲ್ಲ. ಇಂದು, ಹಿಂದು, ಮುಂದು ಮೂರೂ ಅವನಿಗೆ ಕಾಣುತ್ತದೆ. ಎದುರಿಗೆ ದೊರೆ ಇಲ್ಲ, ದಂಡೂ ಇಲ್ಲ. ಅವನು ಭೂಮಿಯನ್ನೇ ಕೂಗಿ, ಎದ್ದು ಬಾ, ಇರುಳು ಮುಗಿಯಿತು ಎನ್ನುತ್ತಾನೆ. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಅದರ ಮುಂದಿನ ಪದ್ಯ. ಅಲ್ಲಿ ಭೂಮಿ ಅವನಿಗೆ ಉತ್ತರ ಕೊಡುತ್ತಾಳೆ. ಎದ್ದು ಬರುವುದಿಲ್ಲ. ನನ್ನನ್ನು ಕಟ್ಟಿ ಹಾಕಿದ್ದಾರೆ, ಮೊದಲು ಈ ಸರಪಳಿ ಕಡಿ ಎಂದು ಅವನನ್ನೇ ಕೇಳುತ್ತಾಳೆ.